ಲೆಕ್ಕಕ್ಕುಂಟು, ಪ್ರಯೋಗಕ್ಕಿಲ್ಲ

ಇಂಜಿನಿಯರಿಂಗ್ ಪ್ರಯೋಗಾಲಯವು ತರಗತಿಯಲ್ಲಿ ಓದಿದ ಸೂತ್ರವನ್ನು ವಿದ್ಯಾರ್ಥಿಯು ಸ್ವತಃ ಅಳೆದು ಪರೀಕ್ಷಿಸುವ ಸ್ಥಳವಾದುದರಿಂದ, ಬ್ಯಾಚು ಒಳಗೆ ಬರುವ ಹೊತ್ತಿಗೆ ಪ್ರತಿ ಮೇಜಿನ ಮೇಲೂ ನೆಚ್ಚಿಕೊಳ್ಳಬಹುದಾದ ಉಪಕರಣವಿರುವಂತೆ ನೋಡಿಕೊಳ್ಳುವುದೇ ಅದರ ನಿರ್ವಹಣೆಯ ತಿರುಳು.

1998ರಲ್ಲಿ ಸ್ಥಾಪನೆಯಾದ, ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ಸ್ವಾಯತ್ತವಲ್ಲದ ಸಂಯೋಜಿತ ಕಾಲೇಜುಗಳಿಗೆ ಪ್ರಯೋಗಗಳ ಪಟ್ಟಿಯು ವಿಶ್ವವಿದ್ಯಾಲಯದಿಂದಲೇ ಬರುತ್ತದೆ. ಅವುಗಳನ್ನು ನಡೆಸಿಕೊಡುವ ಹೊಣೆ ಮಾತ್ರ ಕಾಲೇಜಿನದು. ಅನೇಕ ವಿಷಯಗಳ ಪ್ರಾಯೋಗಿಕ ಪರೀಕ್ಷೆಯಲ್ಲಿ ಪಟ್ಟಿಯ ಎಲ್ಲ ಪ್ರಯೋಗಗಳನ್ನೂ ಸೇರಿಸಿ, ವಿದ್ಯಾರ್ಥಿಯು ಅವುಗಳಲ್ಲೊಂದನ್ನು ಚೀಟಿ ಎತ್ತಿ ಆರಿಸಿಕೊಳ್ಳುವ ಪದ್ಧತಿಯಿರುವುದರಿಂದ, ಯಾವ ಉಪಕರಣವನ್ನೂ ಆ ದಿನದ ಮಟ್ಟಿಗೆ ಬದಿಗಿಡಲು ಬರುವುದಿಲ್ಲ.

ಉಪಕರಣ ಕೆಡುವ ಬಗೆಯಾದರೂ ಬಹಳ ಸಲ ಕಣ್ಣಿಗೆ ಬೀಳುವಂಥದ್ದಲ್ಲ. ವೋಲ್ಟೇಜು, ಕರೆಂಟು, ರೋಧಗಳನ್ನು ಅಳೆಯುವ ಮಲ್ಟಿಮೀಟರಿನಲ್ಲಿ ಕರೆಂಟು ಅಳೆಯುವ ಮಾರ್ಗದ ರೋಧವು ಅತ್ಯಲ್ಪವಾಗಿರುತ್ತದೆ. ಕರೆಂಟು ಅಳೆದ ವಿದ್ಯಾರ್ಥಿಯು ಕೆಂಪು ತಂತಿಯ ಸ್ಥಳ ಬದಲಿಸದೆ ಮೀಟರನ್ನು ವಿದ್ಯುತ್ ಮೂಲದ ಎರಡು ತುದಿಗಳಿಗೆ ಹಿಡಿದರೆ ಭಾರೀ ಪ್ರವಾಹ ಹರಿದು ಒಳಗಿನ ಫ್ಯೂಸ್ ಸುಟ್ಟುಹೋಗುತ್ತದೆ. ಆ ಬಳಿಕವೂ ಮೀಟರು ವೋಲ್ಟೇಜನ್ನು ಸರಿಯಾಗಿಯೇ ತೋರಿಸುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಮರುದಿನದ ಬ್ಯಾಚಿನವರು ಕರೆಂಟು ಸೊನ್ನೆಯೆಂದು ಕಂಡು, ತಾವು ಸರಿಯಾಗಿಯೇ ಜೋಡಿಸಿದ ಸರ್ಕ್ಯೂಟನ್ನು ಬಿಚ್ಚಿ ಬಿಚ್ಚಿ ತಪ್ಪು ಹುಡುಕುತ್ತಾರೆ.

ಇಂಥ ಮೀಟರು ಸ್ಟಾಕ್ ರಿಜಿಸ್ಟರಿನಲ್ಲಿ, ಅಂದರೆ ದಾಸ್ತಾನು ಪುಸ್ತಕದಲ್ಲಿ, ಸುಸ್ಥಿತಿಯ ಮೀಟರಿನಂತೆಯೇ ಒಂದು ಸಂಖ್ಯೆಯಾಗಿರುತ್ತದೆ. ವಾರ್ಷಿಕ ತಪಾಸಣೆಯಲ್ಲಿ ವಸ್ತುಗಳನ್ನು ಎಣಿಸುವುದಷ್ಟೇ ನಡೆದರೆ ಲೆಕ್ಕ ತಾಳೆಯಾಗುತ್ತದೆಯೇ ಹೊರತು ದೋಷ ಹೊರಬೀಳುವುದಿಲ್ಲ. ಆದುದರಿಂದ ದಾಸ್ತಾನು ಪುಸ್ತಕದ ಜೊತೆಗೆ, ಯಾವ ಮೇಜಿನ ಯಾವ ಉಪಕರಣ ಎಂದು ಕೆಟ್ಟಿತು, ಎಂದು ದುರಸ್ತಿಯಾಯಿತು ಎಂಬುದನ್ನು ಬರೆದಿಡುವ ಲಾಗ್ ಪುಸ್ತಕವೂ, ಉಪಕರಣದ ಅಳತೆಯನ್ನು ನಂಬಿಕೆಯ ಮಾನಕದೊಂದಿಗೆ ಕಾಲಕಾಲಕ್ಕೆ ಹೋಲಿಸಿ ನೋಡುವ ಕ್ಯಾಲಿಬ್ರೇಷನ್ ದಾಖಲೆಯೂ ಅಗತ್ಯವಾಗುತ್ತವೆ.

ಸರ್ಕಾರಿ ಕಾಲೇಜುಗಳ ದೊಡ್ಡ ಖರೀದಿಗಳು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಟೆಂಡರ್ ನಿಯಮಗಳಿಗೆ ಒಳಪಟ್ಟಿದ್ದು, ಹೊಸ ಯಂತ್ರವೊಂದು ಬರಲು ಸಹಜವಾಗಿಯೇ ಕಾಲ ಹಿಡಿಯುತ್ತದೆ. ಇರುವುದನ್ನು ಕಾಪಾಡಿಕೊಳ್ಳುವ ಕೆಲಸವಾದರೋ ಪ್ರತಿ ಬ್ಯಾಚು ಹೊರಬಿದ್ದೊಡನೆ ಮಾಡುವಂಥದ್ದು. ಮೀಟರನ್ನು ಕಪಾಟಿಗೆ ಸೇರಿಸುವ ಮುನ್ನ ಇನ್‌ಸ್ಟ್ರಕ್ಟರು ಅದರ ಕರೆಂಟು ಮಾರ್ಗವನ್ನೊಮ್ಮೆ ಪರೀಕ್ಷಿಸಿ, ಫ್ಯೂಸ್ ಸುಟ್ಟಿದ್ದರೆ ಅದೇ ಅಳತೆಯದನ್ನು ಹಾಕಿ, ಲಾಗ್ ಪುಸ್ತಕದಲ್ಲಿ ಒಂದು ಸಾಲು ಬರೆದರೆ, ಮರುದಿನದ ಬ್ಯಾಚಿಗೆ ಸೊನ್ನೆಯ ಕಾಟ ತಪ್ಪುತ್ತದೆ.