ನಗೆನಾಟಕಕ್ಕೆ ಪಾತ್ರ ಹಂಚುವ ಬಗೆ



ಹಿಂಗಾರಿ ಜೋಳದ ರಾಶಿ ಮುಗಿದೊಡನೆ ಹೊನವಾಡದ ಸುತ್ತಿನ ಊರುಗಳಲ್ಲಿ ಜಾತ್ರೆಯ ನಾಟಕದ ಮಾತು ಏಳುತ್ತದೆ. ನಗೆಯ ಪಾತ್ರ ಯಾರು ಮಾಡಿದರೂ ನಡೆದೀತೆಂಬುದು ಸರಿಯಲ್ಲ.

ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿರಿ. ನಾರದನು ತಂದ ಹೂವು ರುಕ್ಮಿಣಿಗೆ ಸಂದಿತೆಂದು ಸತ್ಯಭಾಮೆ ಮುನಿಯುತ್ತಾಳೆ. ಆ ಮುನಿಸಿನ ನಡುವೆ ಆಡುಮಾತಿನಿಂದ ನಗೆ ತರುವವಳು ದೂತಿ. ಅವಳ ಮಾತು ತಡವರಿಸಿದರೆ ಆಟವೇ ಕಳೆಗುಂದುತ್ತದೆ.

ಆದ್ದರಿಂದ ಆಸಕ್ತರೆಲ್ಲರಿಗೂ ಒಂದೇ ಮಾತು ಕೊಟ್ಟು, ಗುಡಿಯ ಕಟ್ಟೆಯ ಮೇಲೆ ಎಲ್ಲರೆದುರು ಆಡಿಸಿರಿ. 50 ಹೆಜ್ಜೆ ದೂರ ಕುಳಿತವರಿಗೂ ಅದು ತಿಳಿಯಬೇಕು. ಎದುರಿನವನ ಮಾತು ಮುಗಿಯುವವರೆಗೆ ಕಾಯುವ ತಾಳ್ಮೆಯೂ ಬೇಕು. ಹೆಚ್ಚು ವಂತಿಗೆ ಕೊಟ್ಟವರಿಗೆ ದೊಡ್ಡ ಪಾತ್ರವೆಂಬುದು ಬೇಡ. ಓದು ಬಾರದವರಿಗೆ ಮಾತು ಹೇಳಿಕೊಟ್ಟು ಬಾಯಿಪಾಠ ಮಾಡಿಸಿರಿ. ಹೆಣ್ಣುಮಕ್ಕಳನ್ನೂ ಕರೆಯಿರಿ, ಕೌಜಲಗಿ ನಿಂಗಮ್ಮನವರು ಪಾರಿಜಾತದಿಂದಲೇ ನಾಡಿಗೆ ಹೆಸರಾದವರು.

ಪಾತ್ರ ಸಿಗದವರಿಗೂ ಕೆಲಸವುಂಟು. ತಾಲೀಮಿನಲ್ಲಿ ಮರೆತ ಮಾತು ನೆನಪಿಸುವುದು, ಹಂದರ ಹಾಕುವುದು, ದೀಪ, ನೀರು ನೋಡಿಕೊಳ್ಳುವುದು, ವಂತಿಗೆಯ ಲೆಕ್ಕ ಬರೆಯುವುದು, ಇವೆಲ್ಲ ಶ್ರಮದಾನವೇ.

ಯಾರ ಜಾತಿಯನ್ನೂ, ಬಡತನವನ್ನೂ, ಅಂಗದ ಊನವನ್ನೂ ಆಡಿ ನಗಿಸಬೇಡಿರಿ. ನಾಟಕದ ಮರುದಿನ ಮುಯ್ಯಾಳಾಗಿ ಒಂದೇ ಹೊಲದಲ್ಲಿ ದುಡಿಯಬೇಕಾದವರು ನಾವೇ ಅಲ್ಲವೇ?