ಎಂಟು ಜಿಗಿತ, ಏಳು ಸೆಕೆಂಡು: ತೋಟದ ರೇಡಿಯೊ ಜಾಲದಲ್ಲಿ ಸರದಿಯ ಲೆಕ್ಕ

ಭದ್ರಾ ಮೇಲ್ದಂಡೆ ಯೋಜನೆಯ ಗುರಿ 2,25,515 ಹೆಕ್ಟೇರಿಗೆ ಸೂಕ್ಷ್ಮ ನೀರಾವರಿ. ಕಡೂರು, ತರೀಕೆರೆ, ಅಜ್ಜಂಪುರದ ರೈತರು ಕಾದಿರುವುದೂ ಈ ನೀರಿಗೇ. ನೀರು ಪೈಪಿನಲ್ಲಿ ಬಂದಮೇಲೆ ಮಣ್ಣಿನ ತೇವ ಅಳೆಯಬೇಕು, ಸಮಯಕ್ಕೆ ಸರಿಯಾಗಿ ವಾಲ್ವ್ ತಿರುಗಿಸಬೇಕು. ಪ್ರತಿ ವಾಲ್ವಿಗೂ ತಂತಿ ಎಳೆಯುವುದು ದುಬಾರಿ. ಒಂದು ರೇಡಿಯೊ ಇನ್ನೊಂದಕ್ಕೆ ಸುದ್ದಿ ದಾಟಿಸುವ ಮೆಶ್ ಜಾಲ ಅದಕ್ಕೊಂದು ದಾರಿ. ಮಣ್ಣಿನ ತೇವವನ್ನು ರೇಡಿಯೊ ಸಂವೇದಕಗಳಿಂದ ಅಳೆಯುವ ಪ್ರಯೋಗವನ್ನು ಭಾರತೀಯ ವಿಜ್ಞಾನ ಸಂಸ್ಥೆ ಎರಡು ದಶಕದ ಹಿಂದೆಯೇ ಪಾವಗಡ ತಾಲ್ಲೂಕಿನ ಒಣಭೂಮಿಯಲ್ಲಿ ನಡೆಸಿತ್ತು.

ಇಂಥ ಜಾಲವನ್ನು ಇಲ್ಲಿನ ತೋಟದಲ್ಲಿ ಹಾಕಿದರೆ ಎಷ್ಟು ತಡವಾದೀತು? ಲೆಕ್ಕ ಹಾಕೋಣ.

ಹಿಡಿದಿರುವ ಅಳತೆ: 2.4 ಗಿಗಾಹರ್ಟ್ಸ್‌ನ ಐಇಇಇ 802.15.4 ರೇಡಿಯೊ, ವೇಗ ಸೆಕೆಂಡಿಗೆ 250 ಕಿಲೋಬಿಟ್. ಗರಿಷ್ಠ 127 ಬೈಟ್‌ನ ಒಂದು ಸಂದೇಶಕ್ಕೆ ಸುಮಾರು 4 ಮಿಲಿಸೆಕೆಂಡ್ ಸಾಕು. ‘ತಲುಪಿತು’ ಎಂಬ ಮರುತ್ತರವೂ ಸೇರಿ ಒಂದು ಸರದಿಗೆ 10 ಮಿಲಿಸೆಕೆಂಡ್. ಪ್ರತಿ ರೇಡಿಯೊ ತನ್ನ ಸರದಿಯಲ್ಲಷ್ಟೇ ಸುದ್ದಿ ಕಳಿಸುತ್ತದೆ. 100 ಸರದಿಗೆ ಒಂದು ಸುತ್ತು, ಅಂದರೆ 1 ಸೆಕೆಂಡ್. ಒಂದು ರೇಡಿಯೊದಿಂದ ಮುಂದಿನದಕ್ಕೆ ದಾಟುವುದು ಒಂದು ಜಿಗಿತ; ತೋಟದ ತುದಿಯಿಂದ ಪಂಪ್‌ಹೌಸ್‌ಗೆ 8 ಜಿಗಿತ.

ಕ್ರಮ: ತುದಿಯ ರೇಡಿಯೊಗೆ ಮೊದಲ ಸರದಿ, ಅದರ ಮುಂದಿನದಕ್ಕೆ ಎರಡನೆಯದು ಎಂದು ಕೊಟ್ಟರೆ, ಹೊರಟ ಸುದ್ದಿ 80 ಮಿಲಿಸೆಕೆಂಡಿನಲ್ಲಿ ತಲುಪುತ್ತದೆ. ಕ್ರಮ ತಿರುಗುಮುರುಗಾದರೆ ಮೊದಲ ಜಿಗಿತದ ನಂತರ ಪ್ರತಿ ಬಾರಿಯೂ ಮುಂದಿನ ಸುತ್ತಿಗೆ ಕಾಯಬೇಕಾಗಿ, ಉಳಿದ 7 ಜಿಗಿತಕ್ಕೂ ತಲಾ 990 ಮಿಲಿಸೆಕೆಂಡ್ ಹಿಡಿದು, ಒಟ್ಟು 6.94 ಸೆಕೆಂಡ್ ಆಗುತ್ತದೆ. ರೇಡಿಯೊ ಅದೇ, ಬೆಲೆ ಅದೇ. ತಡ ಮಾತ್ರ ಸುಮಾರು 87 ಪಟ್ಟು. ಒಂಟಿ ಹಳಿಯಲ್ಲಿ ಕ್ರಾಸಿಂಗ್‌ಗೆಂದು ರೈಲು ನಿಂತದ್ದನ್ನು ನೋಡಿದ ತರೀಕೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಂಗ್ರಹ: ಎಂಟೂ ರೇಡಿಯೊಗಳು ತಮ್ಮ ತಮ್ಮ ಅಳತೆ ಕಳಿಸಿದರೆ ಒಟ್ಟು 36 ರವಾನೆ. ಒಂದಾದ ಮೇಲೊಂದು ನಡೆದರೆ 360 ಮಿಲಿಸೆಕೆಂಡ್. ಮೂರು ಜಿಗಿತದಷ್ಟು ದೂರವಿರುವವು ಒಟ್ಟಿಗೇ ಮಾತಾಡಿದರೂ ಅಡ್ಡಿಯಿಲ್ಲ ಎಂದಾದರೆ 21 ಸರದಿ, 210 ಮಿಲಿಸೆಕೆಂಡ್ ಸಾಕು. ಪಂಪ್‌ಹೌಸ್‌ ಹತ್ತಿರದ ಮೂರು ರೇಡಿಯೊಗಳು ಕ್ರಮವಾಗಿ 8, 7, 6 ಬಾರಿ ಕಳಿಸಲೇಬೇಕು. ಅವು ಒಟ್ಟಿಗೆ ಮಾತಾಡುವಂತಿಲ್ಲ. ಹಾಗಾಗಿ 21ಕ್ಕಿಂತ ಇಳಿಸಲು ಬರುವುದಿಲ್ಲ.

ಭರವಸೆ: ಒದ್ದೆ ಎಲೆ ರೇಡಿಯೊ ಅಲೆಯನ್ನು ಹೀರುತ್ತದೆ. ಪ್ರತಿ ಜಿಗಿತದಲ್ಲಿ ಹತ್ತಕ್ಕೊಂದು ಸಂದೇಶ ಕಳೆದುಹೋದರೆ, 8 ಜಿಗಿತ ದಾಟುವುದು ಶೇ 43 ಮಾತ್ರ. ಜಿಗಿತಕ್ಕೆ ಎರಡು ಸರದಿ ಕೊಟ್ಟರೆ ಶೇ 92, ಮೂರು ಕೊಟ್ಟರೆ ಶೇ 99. ಆಗಲೂ ತಡ 240 ಮಿಲಿಸೆಕೆಂಡ್ ಮೀರದು.

ಬ್ಯಾಟರಿ: ಕೇಳುತ್ತ ಕೂತ ರೇಡಿಯೊ 18.8 ಮಿಲಿಆಂಪಿಯರ್ ಎಳೆಯುತ್ತದೆ ಎನ್ನಿ. 2,500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಐದೂವರೆ ದಿನಕ್ಕೆ ಖಾಲಿ. ಸುತ್ತಿಗೆ ಎರಡೇ ಸರದಿ (ಕೇಳಲು ಒಂದು, ಕಳಿಸಲು ಒಂದು) ಎಚ್ಚರವಿದ್ದು ಮಿಕ್ಕ ಹೊತ್ತು ಮಲಗಿದರೆ ರೇಡಿಯೊದ ಲೆಕ್ಕಕ್ಕೆ 277 ದಿನ. ಜಿಗಿತಕ್ಕೆ ಮೂರು ಸರದಿಯಂತೆ ಆರು ಸರದಿ ಎಚ್ಚರವಿದ್ದರೆ 92 ದಿನ. ಭರವಸೆಗೆ ತೆರುವ ಬೆಲೆ ಇದು.

2.4 ಗಿಗಾಹರ್ಟ್ಸ್ ಬ್ಯಾಂಡಿಗೆ ಲೈಸೆನ್ಸ್ ಶುಲ್ಕವಿಲ್ಲ, ಸರದಿ ಸರಿಪಡಿಸಲು ಹೊಸ ಯಂತ್ರವೂ ಬೇಡ. ಆದ್ದರಿಂದ ಟೆಂಡರ್ ಬರೆಯುವವರು ರೇಡಿಯೊ ಎಷ್ಟು ದೂರ ಮುಟ್ಟುತ್ತದೆ ಎಂದಷ್ಟೇ ಕೇಳಿ ಬಿಡಬಾರದು. ಗರಿಷ್ಠ ಎಷ್ಟು ತಡ, ನೂರಕ್ಕೆ ಎಷ್ಟು ಸಂದೇಶ ತಲುಪಬೇಕು, ಬ್ಯಾಟರಿ ಎಷ್ಟು ದಿನ ಬಾಳಬೇಕು: ಈ ಮೂರು ಅಂಕಿಗಳನ್ನೂ ಷರತ್ತಿನಲ್ಲೇ ನಮೂದಿಸಲಿ.