ಪರದೆ ದಾಖಲೆಯ ಫ್ರೇಮ್ ದರವನ್ನು ಹೆಚ್ಚಿಸುವ ಬಗೆ

ಅಕ್ಷರವನ್ನು ಕಲಿಸುವಾಗ ಅದರ ಸಿದ್ಧರೂಪದಷ್ಟೇ ಬರೆಯುವ ಕ್ರಮವೂ ಮುಖ್ಯ. ಕಂಪ್ಯೂಟರ್ ಪರದೆಯ ಮೇಲೆ ‘ಕ್ಷ’ ಬರೆಯುವುದನ್ನು ದಾಖಲಿಸಿದಾಗ, ಒಂದು ಫ್ರೇಮಿನಲ್ಲಿ ಅರ್ಧ ಅಕ್ಷರವೂ ಮರುಫ್ರೇಮಿನಲ್ಲಿ ಇಡೀ ಅಕ್ಷರವೂ ಕಂಡರೆ, ರೇಖೆ ಎಲ್ಲಿ ತಿರುಗಿತೆಂಬುದು ಮಗುವಿಗೆ ತಿಳಿಯದು. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಇಂತಹ ದೃಶ್ಯಪಾಠಗಳನ್ನು ಶಿಕ್ಷಕರೇ ಸಿದ್ಧಪಡಿಸಬೇಕಾದ ಸಂದರ್ಭಗಳುಂಟು. ಅದಕ್ಕೆ ಬೇಕಾದ ದಾಖಲೆ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ರಚಿಸುವುದು ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೂ ಉತ್ತಮ ಅಭ್ಯಾಸ. ಆದರೆ ಮೊದಲ ಪ್ರಯತ್ನದ ಪ್ರೋಗ್ರಾಮುಗಳಲ್ಲಿ ಚಿತ್ರ ತಡೆತಡೆದು ಸಾಗುವುದು ಸಾಮಾನ್ಯ.

ಸೆಕೆಂಡಿಗೆ 30 ಫ್ರೇಮುಗಳು ಬೇಕಾದರೆ ಒಂದೊಂದಕ್ಕೆ ಸುಮಾರು 33 ಮಿಲಿಸೆಕೆಂಡು ಮಾತ್ರ ಲಭ್ಯ. 1920×1080 ಅಳತೆಯ ಪರದೆಯಲ್ಲಿ ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ಗಳಂತೆ ಒಂದು ಫ್ರೇಮಿಗೆ 82,94,400 ಬೈಟ್‌ಗಳಾಗುತ್ತವೆ. 30 ಫ್ರೇಮುಗಳಿಗೆ ಸುಮಾರು 25 ಕೋಟಿ. ಈ ರಾಶಿಯನ್ನು ಪರದೆಯಿಂದ ಸೆರೆಹಿಡಿಯುವುದು, ಬಣ್ಣದ ವಿನ್ಯಾಸವನ್ನು ಬದಲಿಸುವುದು, ಸಂಕುಚಿಸಿ ಕಡತಕ್ಕೆ ಬರೆಯುವುದು ಎಂಬ ಮೂರು ಹಂತಗಳಿವೆ. ಮೊದಲು ಮಾಡಬೇಕಾದುದು ಅಳತೆ. 200 ಫ್ರೇಮುಗಳಿಗೆ ಪ್ರತಿ ಹಂತವು ತೆಗೆದುಕೊಂಡ ವೇಳೆಯ ಸರಾಸರಿಯನ್ನು ಪ್ರತ್ಯೇಕವಾಗಿ ಬರೆದಿಡಬೇಕು.

ಉದಾಹರಣೆಗೆ, ಈ ಹಂತಗಳಿಗೆ ಕ್ರಮವಾಗಿ 25, 10, 65 ಮಿಲಿಸೆಕೆಂಡು ಬೇಕೆಂದು ಭಾವಿಸಬಹುದು. ಒಂದಾದ ಮೇಲೊಂದು ನಡೆದರೆ ಒಟ್ಟು 100. ಆದುದರಿಂದ ಸೆಕೆಂಡಿಗೆ 10 ಫ್ರೇಮುಗಳು. ಸೆರೆಹಿಡಿಯುವ ಭಾಗವನ್ನು ಎಷ್ಟೇ ತಿದ್ದಿದರೂ ಇಲ್ಲಿ ಹೆಚ್ಚಿನ ಲಾಭವಿಲ್ಲ. ಹಂತಗಳನ್ನು ಬೇರ್ಪಡಿಸಿ, ನಡುವೆ ಮಿತವಾದ ಸರತಿಯನ್ನಿಟ್ಟು ಏಕಕಾಲದಲ್ಲಿ ನಡೆಸಿದರೆ, ಅತಿ ನಿಧಾನವಾದ ಹಂತವೇ ದರವನ್ನು ನಿರ್ಧರಿಸುತ್ತದೆ: 65 ಮಿಲಿಸೆಕೆಂಡಿಗೆ ಒಂದು, ಎಂದರೆ ಸುಮಾರು 15. ಸಂಕುಚನವನ್ನು ಎಫ್‌ಎಫ್‌ಎಂಪೆಗ್ ಎಂಬ ಉಚಿತ ಪ್ರೋಗ್ರಾಮಿಗೆ ಒಪ್ಪಿಸುವುದು ಇದಕ್ಕೆ ಸುಲಭವಾದ ದಾರಿ. ಅದರ ‘ಅಲ್ಟ್ರಾಫಾಸ್ಟ್’ ಆಯ್ಕೆಯಲ್ಲಿ ಕಡತ ದೊಡ್ಡದಾದರೂ ವೇಳೆ ಉಳಿಯುತ್ತದೆ. ಪಾಠ ಮುಗಿದ ಮೇಲೆ ಬಿಡುವಿನಲ್ಲಿ ಮತ್ತೆ ಸಂಕುಚಿಸಬಹುದು.

ಮುಂದಿನ ಉಪಾಯ ಪಿಕ್ಸೆಲ್‌ಗಳನ್ನು ಕಡಿಮೆ ಮಾಡುವುದು. ಆದರೆ ಇಡೀ ಪರದೆಯ ಚಿತ್ರವನ್ನು ಕುಗ್ಗಿಸಿದರೆ ಒತ್ತಕ್ಷರಗಳು ಮಸುಕಾಗುತ್ತವೆ. ಕನ್ನಡ ಪಾಠಕ್ಕೆ ಇದು ಸಲ್ಲದು. ಬರವಣಿಗೆಯ ಭಾಗವನ್ನು ಮಾತ್ರ, 1280×720ರ ಅಳತೆಯಲ್ಲಿ, ಕುಗ್ಗಿಸದೆ ಸೆರೆಹಿಡಿಯುವುದು ಮೇಲು. ಆಗ ಪಿಕ್ಸೆಲ್‌ಗಳು ಶೇ. 44ಕ್ಕೆ ಇಳಿಯುತ್ತವೆ. ಮೇಲಿನ ಉದಾಹರಣೆಯ 65 ಮಿಲಿಸೆಕೆಂಡು ಅದೇ ಪ್ರಮಾಣದಲ್ಲಿ ಇಳಿದರೆ ಸುಮಾರು 29 ಆಗಿ, 30 ಫ್ರೇಮುಗಳ ಗುರಿ ಕೈಗೆಟುಕುತ್ತದೆ.

ವೇಳಾಪಾಲನೆಯಲ್ಲಿ ಎರಡು ದೋಷಗಳನ್ನು ತಪ್ಪಿಸಬೇಕು. ಕೆಲಸಕ್ಕೆ 20 ಮಿಲಿಸೆಕೆಂಡು ಹಿಡಿದ ಮೇಲೂ ಪ್ರೋಗ್ರಾಮು 33 ಮಿಲಿಸೆಕೆಂಡು ಕಾದರೆ, ಪ್ರತಿ ಸುತ್ತಿಗೆ 53 ಆಗಿ ದರ 19ಕ್ಕೆ ಕುಸಿಯುತ್ತದೆ. ಆರಂಭದ ಕ್ಷಣದಿಂದ ಮುಂದಿನ ಫ್ರೇಮಿನ ವೇಳೆಯನ್ನು ಲೆಕ್ಕಹಾಕಿ, ಉಳಿದಷ್ಟು ಮಾತ್ರ ಕಾಯಬೇಕು. ಇನ್ನೊಂದು, ಸೆಕೆಂಡಿಗೆ 10 ಫ್ರೇಮುಗಳು ದೊರೆತಿದ್ದರೂ ಕಡತದಲ್ಲಿ 30 ಎಂದು ನಮೂದಿಸುವುದು. ಆಗ ಚಿತ್ರವು ಮೂರು ಪಟ್ಟು ವೇಗದಲ್ಲಿ ಓಡಿ ಧ್ವನಿಯಿಂದ ಬೇರೆಯಾಗುತ್ತದೆ. ಫ್ರೇಮು ತಪ್ಪಿದಲ್ಲಿ ಹಿಂದಿನದನ್ನೇ ಮತ್ತೊಮ್ಮೆ ಬರೆದರೆ ವೇಳೆ ಸರಿಹೊಂದುತ್ತದೆ.

ಹಳೆಯ ಯಂತ್ರಗಳಲ್ಲಿ 30 ಸಾಧ್ಯವಾಗದಿದ್ದರೆ, ಏರಿಳಿಯುವ 25ಕ್ಕಿಂತ ಸ್ಥಿರವಾದ 15 ಲೇಸು. ಅಕ್ಷರವನ್ನು ನಿಧಾನವಾಗಿ ಬರೆದರೆ ಪಾಠಕ್ಕೆ ಅದು ಸಾಲುತ್ತದೆ.

ಚಟುವಟಿಕೆ: ಪರದೆಯ ಮೇಲೆ ಓಡುವ ಸ್ಟಾಪ್‌ವಾಚನ್ನು 60 ಸೆಕೆಂಡು ದಾಖಲಿಸಿ, ಕಡತದ ಫ್ರೇಮುಗಳನ್ನು ವಿದ್ಯಾರ್ಥಿಗಳಿಂದ ಎಣಿಸಿಸಬೇಕು. 30ರ ದರಕ್ಕೆ 1,800, 15ರ ದರಕ್ಕೆ 900 ಇರಬೇಕು. ಅವುಗಳಲ್ಲಿ ಮರುಬರೆದವು ಎಷ್ಟೆಂಬುದನ್ನೂ ಗುರುತಿಸಿ, ಅದಕ್ಕೆ ಕಾರಣವಾದ ಹಂತವನ್ನು ಅವರೇ ಕಂಡುಹಿಡಿಯಲಿ.